ನಕ್ಷೆಯಲ್ಲಿ ನಮ್ಮ ಹೊಲದ ಮೇಲೆ ಹಾದುಹೋಗಿರುವ ಹಸಿರು ಗೆರೆ ಏನು?

ಶೇಂಗಾಹೊಲ, ಪಾವಗಡ

ಎಲ್ಲರಿಗೂ ನಮಸ್ಕಾರ. ಕಲ್ಲು, ನೀರು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ.

ನಮ್ಮದು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಆರು ಎಕರೆ ಖುಷ್ಕಿ ಜಮೀನು. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಬಿತ್ತಿದ ಬೀಜವೂ ಹೋದಂತೆ. ಅಪ್ಪನ ಕಾಲದಿಂದ ಇಲ್ಲಿಯವರೆಗೆ ನಾಲ್ಕು ಕೊಳವೆಬಾವಿ ಕೊರೆಸಿದ್ದೇವೆ. ಕೊನೆಯದು 850 ಅಡಿ. ಬಂದದ್ದು ಬರೀ ಕಲ್ಲಿನ ಹುಡಿ. ಅದರ ಸಾಲ ಇನ್ನೂ ತೀರಿಲ್ಲ.

ನಮ್ಮ ತೆಂಕಣ ಬದುವಿನ ಆಚೆ ದೊಡ್ಡಪ್ಪನ ಹೊಲ. ಅಲ್ಲಿ ತಾತನ ಕಾಲದ, ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಪಿಲೆ ಬಾವಿ ಇದೆ, ಅರವತ್ತು ಅಡಿ ಆಳ. ಕಪಿಲೆ ಹೊಡೆಯುವುದು ನಿಂತು ಎಷ್ಟೋ ಕಾಲವಾಯಿತು, ಆದರೆ ನೀರು ಮಾತ್ರ ಶಿವರಾತ್ರಿಯವರೆಗೂ ಇರುತ್ತದೆ. ಎರಡೂ ಹೊಲಗಳ ನಡುವೆ ಕರಿಕಲ್ಲಿನ ಒಂದು ಸಾಲು ಎದ್ದು ನಿಂತಿದೆ. ನಮ್ಮ ಕಡೆ ತೆಲುಗು ಮಾತನಾಡುವವರು ಅದನ್ನು ನಲ್ಲರಾಯಿ ಎನ್ನುತ್ತಾರೆ. ಮೊನ್ನೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ‘ಭೂಕೋಶ್’ ಜಾಲತಾಣದಲ್ಲಿ ನಮ್ಮ ಭಾಗದ ನಕ್ಷೆ ತೆರೆದು ನೋಡಿದೆ. ಊರೆಲ್ಲ ಒಂದೇ ಗುಲಾಬಿ ಬಣ್ಣ. ಅದರ ಮೇಲೆ ಮೂಡಣ ಪಡುವಣವಾಗಿ ಹಸಿರು ಗೆರೆಯೊಂದು ಹೆಚ್ಚು ಕಡಿಮೆ ನಮ್ಮ ಹೊಲದ ಮೇಲೆಯೇ ಹಾದುಹೋಗಿದೆ. ಈ ಗೆರೆಗೂ ದೊಡ್ಡಪ್ಪನ ಬಾವಿಗೂ ಸಂಬಂಧ ಇದೆಯೇ?

ಇನ್ನೊಂದು ವಿಷಯ. ಆ ಕರಿಕಲ್ಲನ್ನು ಗುತ್ತಿಗೆಗೆ ಕೇಳಿಕೊಂಡು ಒಬ್ಬರು ಎರಡು ಸಲ ಬಂದು ಹೋಗಿದ್ದಾರೆ. ದೊಡ್ಡಪ್ಪನಿಗೆ ಮನಸ್ಸಿದೆ. ಯುಗಾದಿಯೊಳಗೆ ಉತ್ತರ ಹೇಳಬೇಕು.

ಸುತ್ತಿಗೆಚೀಲ, ತುಮಕೂರು

ಸಂಬಂಧ ಇದೆ. ಬಹುಶಃ ಇಡೀ ಕಥೆಯೇ ಆ ಗೆರೆಯಲ್ಲಿದೆ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಲ್ಲು ನೋಡುವ ಕೆಲಸದಲ್ಲೇ ಇದ್ದು ನಿವೃತ್ತನಾದವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ನೀವು ನೋಡಿದ ಗುಲಾಬಿ ಬಣ್ಣ ಕ್ಲೋಸ್‌ಪೇಟೆ ಗ್ರಾನೈಟ್. ಈಗಿನ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು, ಕಲ್ಲಿಗೂ ಅದೇ ಹೆಸರು ಉಳಿದುಕೊಂಡಿತು. ರಾಮನಗರದ ಬೆಟ್ಟಗಳು, ಸಾವನದುರ್ಗ, ಶಿವಗಂಗೆ, ಮಧುಗಿರಿಯ ಏಕಶಿಲೆ, ನಿಮ್ಮ ಪಾವಗಡದ ಕೋಟೆ ಬೆಟ್ಟ ಎಲ್ಲವೂ ದಕ್ಷಿಣೋತ್ತರವಾಗಿ ಚಾಚಿದ ಈ ಒಂದೇ ಪಟ್ಟಿಯ ಮೇಲೆ ಕುಳಿತಿವೆ. ವಯಸ್ಸು ಸುಮಾರು 250 ಕೋಟಿ ವರ್ಷ.

ಆ ಗ್ರಾನೈಟ್ ಆರಿ ಗಟ್ಟಿಯಾದ ಎಷ್ಟೋ ಕಾಲದ ಮೇಲೆ ನೆಲ ಬಿರಿಯಿತು. ಬಿರುಕಿನೊಳಗೆ ಆಳದಿಂದ ಕರಗಿದ ಕಲ್ಲು ಏರಿ ಬಂದು ಅಲ್ಲೇ ಹೆಪ್ಪುಗಟ್ಟಿತು. ಅದೇ ನಿಮ್ಮ ಕರಿಕಲ್ಲು. ಕಲ್ಲಿನ ಹೆಸರು ಡೊಲೆರೈಟ್, ಹೀಗೆ ಗೋಡೆಯಂತೆ ನಿಂತ ಆಕಾರಕ್ಕೆ ಡೈಕ್ ಎನ್ನುತ್ತಾರೆ. ಬೆಂಗಳೂರಿನ ಸುತ್ತ ಮೂಡಣ ಪಡುವಣವಾಗಿ ಹರಡಿರುವ ಇಂಥ ಡೈಕುಗಳ ದೊಡ್ಡ ಗುಂಪಿಗೆ ಸುಮಾರು 237 ಕೋಟಿ ವರ್ಷ ಎಂದು ಲೆಕ್ಕ ಹಾಕಿದ್ದಾರೆ. ಮೇಲೆ ಕಾಣುವ ಬಂಡೆಯ ಸಾಲು ಆ ಗೋಡೆಯ ತಲೆ ಮಾತ್ರ. ಬುಡ ಬಹಳ ಆಳಕ್ಕೆ ಇಳಿದಿರುತ್ತದೆ.

ಈಗ ನೀರಿನ ವಿಷಯ. ನಮ್ಮ ಬಯಲುಸೀಮೆಯ ಗಟ್ಟಿ ಕಲ್ಲಿನಲ್ಲಿ ನೀರು ನಿಲ್ಲುವುದು ಎರಡೇ ಕಡೆ. ಮೇಲಿನ ಗರಸಿನಲ್ಲಿ, ಅಂದರೆ ಕಲ್ಲು ಕೊಳೆತು ಪುಡಿಯಾದ ಪದರದಲ್ಲಿ ಒಂದು, ಅದರ ಕೆಳಗಿನ ಬಿರುಕುಗಳಲ್ಲಿ ಇನ್ನೊಂದು. ಗರಸಿನಲ್ಲಿ ಇಳಿದ ನೀರು ಇಳಿಜಾರು ಹಿಡಿದು ನಿಧಾನವಾಗಿ ಸಾಗುತ್ತದೆ. ದಾರಿಗೆ ಅಡ್ಡಲಾಗಿ ಬಿರುಕಿಲ್ಲದ ಕರಿಕಲ್ಲಿನ ಗೋಡೆ ಬಂದರೆ ಅಲ್ಲೇ ನಿಲ್ಲುತ್ತದೆ. ಗೋಡೆಯ ಮೇಲ್ಗಡೆ ಇದ್ದವರಿಗೆ ಅರವತ್ತು ಅಡಿಗೆ ನೀರು. ಕೆಳಗಡೆ ಇದ್ದವರು ಎಷ್ಟು ಕೊರೆದರೂ ಹುಡಿ. ನಿಮ್ಮ ನೆಲ ಯಾವ ಕಡೆಗೆ ಇಳಿಯುತ್ತದೆ?

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಕ್ಷೆ 1:50,000 ಅಳತೆಯದು. ಅದರ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ 25 ಮೀಟರ್ ಜಾಗವನ್ನು ನುಂಗುತ್ತದೆ. ಮೊಬೈಲಿನಲ್ಲಿ ನಕ್ಷೆಯನ್ನು ಎಷ್ಟೇ ಹಿಗ್ಗಿಸಿದರೂ ಅದು ನಿಮ್ಮ ಸರ್ವೆ ನಂಬರಿನ ನಕ್ಷೆ ಆಗುವುದಿಲ್ಲ. ಕರಿಕಲ್ಲು ಎಲ್ಲಿ ಶುರುವಾಗಿ ಎಲ್ಲಿ ಮಣ್ಣಿನಲ್ಲಿ ಮುಳುಗುತ್ತದೆ ಎಂದು ನೀವೇ ನಡೆದು ನೋಡಬೇಕು.

ಕವಲುಕಡ್ಡಿ, ಶಿರಾ

ಸುತ್ತಿಗೆಚೀಲ ಸರ್, ನಿಮ್ಮ ಮಾತನ್ನು ಗೌರವಿಸುತ್ತೇನೆ. ಆದರೂ ಒಂದು ಮಾತು ಹೇಳಲೇಬೇಕು. ನಮ್ಮ ಮನೆಯವರು ಮೂರು ತಲೆಮಾರಿನಿಂದ ನೀರು ನೋಡುತ್ತಾ ಬಂದಿದ್ದಾರೆ. ನನ್ನ ತಾತ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕರಿಕಲ್ಲು ಕಂಡರೆ ಅದರ ಮೇಲ್ಗಡೆ ಹುತ್ತ ಎಲ್ಲಿದೆ, ಬೇಸಗೆಯಲ್ಲೂ ಹಸಿರಾಗಿರುವ ಹೊಂಗೆ ಎಲ್ಲಿದೆ ಎಂದು ನೋಡಿಯೇ ಬಾವಿಗೆ ಗುರುತು ಹಾಕುತ್ತಿದ್ದರು. ಪಾವಗಡದ ಆ ಕಪಿಲೆ ಬಾವಿಯನ್ನೂ ಅಂಥವರೇ ಯಾರೋ ತೋರಿಸಿರುತ್ತಾರೆ. ಆ ಕಾಲದಲ್ಲಿ ಯಾವ ನಕ್ಷೆ ಇತ್ತು? ಊರಿನವರಿಗೆ ಏನೂ ಗೊತ್ತಿರಲಿಲ್ಲ, ನಕ್ಷೆ ಬಂದ ಮೇಲೆ ಎಲ್ಲ ತಿಳಿಯಿತು ಎಂಬಂತೆ ಬರೆದರೆ ನನಗೆ ನೋವಾಗುತ್ತದೆ.

ಸುತ್ತಿಗೆಚೀಲ, ತುಮಕೂರು

ನೋವಾಗಿದ್ದರೆ ಕ್ಷಮಿಸಿ. ನಾನು ಹಾಗೆ ಹೇಳಲಿಲ್ಲ, ಹೇಳುವುದೂ ಇಲ್ಲ. ನಿಮ್ಮ ತಾತ ಹುತ್ತ ಮತ್ತು ಹೊಂಗೆಯನ್ನು ನೋಡಿದ್ದು ಕಲ್ಲನ್ನೇ ಓದಿದಂತೆ. ಗರಸು ಆಳವಾಗಿರುವ, ತೇವ ನಿಂತಿರುವ ಕಡೆ ಮರ ಹಸಿರಾಗಿರುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯರು ಹೊಸ ಊರಿಗೆ ಹೋದಾಗ ಮೊದಲು ಕುರಿ ಕಾಯುವವರನ್ನು ಹುಡುಕುತ್ತಿದ್ದರು. ಯಾವ ಗುಡ್ಡದಲ್ಲಿ ಯಾವ ಬಣ್ಣದ ಕಲ್ಲು, ಯಾವ ಕೊರಕಲಿನಲ್ಲಿ ಒರತೆ ಎಂಬುದು ಅವರಿಗೆ ಕಂಠಪಾಠ. ನಾವು ಬರೆದ ಎಷ್ಟೋ ವರದಿಗಳ ಮೊದಲ ಸುಳಿವು ಅವರ ಬಾಯಿಂದ ಬಂದದ್ದು. ವರದಿಯಲ್ಲಿ ಅವರ ಹೆಸರು ಬರಲಿಲ್ಲ ಎಂಬ ಕೊರಗು ನನಗೂ ಇದೆ.

ಕವಲೊಡೆದ ಕಡ್ಡಿ ಹಿಡಿದು ನೀರು ತೋರಿಸುವ ಕೈಚಳಕವನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದನ್ನು ನಂಬಿ 850 ಅಡಿ ಕೊರೆಸಿದವರ ಸಾಲದ ಪತ್ರಗಳನ್ನು ಬಹಳ ನೋಡಿದ್ದೇನೆ.

ಜಲರೇಖೆ, ಧಾರವಾಡ

ನಾನು ಭೂವಿಜ್ಞಾನ ಎಂ.ಎಸ್ಸಿ. ವಿದ್ಯಾರ್ಥಿನಿ. ಸರ್ ಹೇಳಿದ್ದಕ್ಕೆ ಒಂದು ಸೇರ್ಪಡೆ. ಡೈಕ್ ಎಲ್ಲ ಕಡೆಯೂ ಅಣೆಕಟ್ಟಿನಂತೆ ಕೆಲಸ ಮಾಡುತ್ತದೆ ಎಂದು ಶೇಂಗಾಹೊಲ ಅಣ್ಣ ತೀರ್ಮಾನಿಸಬಾರದು. ಕೆಲವು ಡೈಕುಗಳು ತಾವೇ ಬಿರುಕು ಬಿಟ್ಟಿರುತ್ತವೆ. ಬಿಸಿ ಕಲ್ಲು ತಣ್ಣನೆಯ ಗ್ರಾನೈಟಿಗೆ ತಾಗಿದ ಅಂಚಿನಲ್ಲಿ ಎರಡೂ ಕಲ್ಲು ಒಡೆದು ನೀರಿಗೆ ದಾರಿಯಾಗಿರುವ ಉದಾಹರಣೆಗಳೂ ಇವೆ. ಆಗ ಡೈಕಿನ ಉದ್ದಕ್ಕೂ ನೀರು ಹರಿಯುತ್ತದೆ. ನಿಮ್ಮ ಡೈಕ್ ಯಾವ ಬಗೆಯದು ಎಂದು ತಿಳಿಯಲು ಸುಲಭದ ದಾರಿ ಒಂದೇ. ಸಾಲಿನ ಎರಡೂ ಕಡೆ ಇರುವ ಹಳೆಯ ಬಾವಿಗಳ ನೀರಿನ ಮಟ್ಟವನ್ನು ಒಂದೇ ದಿನ ಅಳೆಯಿರಿ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಸಾಕು. ಮೇಲ್ಗಡೆ ಮತ್ತು ಕೆಳಗಡೆ ಥಟ್ಟನೆ ದೊಡ್ಡ ವ್ಯತ್ಯಾಸ ಕಂಡರೆ ಗೋಡೆ ಬಿಗಿಯಾಗಿದೆ ಎಂದು ತಿಳಿಯಬಹುದು.

ಊರಬಾವಿ, ಮಧುಗಿರಿ

ಸರ್, ಚರ್ಚೆಯ ನಡುವೆ ಕೇಳುತ್ತಿದ್ದೇನೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಶಾಲೆಯ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳಿವೆ. ಫ್ಲೋರೈಡ್ ಎನ್ನುತ್ತಾರೆ. ಅದು ಕೂಡ ಈ ಕಲ್ಲಿನಿಂದಲೇ ಬರುವುದೇ? ನಮ್ಮ ಅಜ್ಜಿಯ ಕಾಲದವರ ಹಲ್ಲು ಹೀಗಿರಲಿಲ್ಲ. ಕಲ್ಲು ಅದೇ ಕಲ್ಲಲ್ಲವೇ?

ಸುತ್ತಿಗೆಚೀಲ, ತುಮಕೂರು

ಮೇಡಂ, ಒಳ್ಳೆಯ ಪ್ರಶ್ನೆ. ಕಲ್ಲು ಅದೇ, ಬದಲಾಗಿರುವುದು ನಾವು ಕುಡಿಯುವ ನೀರಿನ ಆಳ. ಈ ಗ್ರಾನೈಟಿನಲ್ಲಿ ಕಪ್ಪು ಅಭ್ರಕ, ಅಪಟೈಟ್, ಫ್ಲೋರೈಟ್‌ನಂಥ ಫ್ಲೋರಿನ್ ಇರುವ ಖನಿಜಗಳಿವೆ. ಅಜ್ಜಿ ಕುಡಿದದ್ದು ಇಪ್ಪತ್ತು ಮೂವತ್ತು ಅಡಿಯ ಬಾವಿಯ ನೀರು. ಅದು ಪ್ರತಿ ಮಳೆಗಾಲಕ್ಕೂ ಹೊಸದಾಗುತ್ತಿತ್ತು. ಆಳದ ಬಿರುಕಿನಲ್ಲಿರುವ ನೀರು ಬಹುಕಾಲ ಕಲ್ಲಿಗೆ ತಾಗಿಕೊಂಡೇ ಇದ್ದು ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಕಡಿಮೆಯಿದ್ದರೆ ಇನ್ನಷ್ಟು ಕರಗುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಿದ್ದಾರೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಇದನ್ನು ಮಕ್ಕಳ ಮನೆಗಳಿಗೆ ದಯವಿಟ್ಟು ತಿಳಿಸಿ. ಶಾಲೆಯ ಚಾವಣಿಯ ಮಳೆನೀರನ್ನು ಹಿಡಿದಿಡಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಔಷಧ ಇಲ್ಲ.

ಬೂದಿದಿಬ್ಬ, ಬಳ್ಳಾರಿ

ಕರಿಕಲ್ಲು ಎಂದ ತಕ್ಷಣ ನಾನು ಸುಮ್ಮನಿರಲಾರೆ. ದಯವಿಟ್ಟು ಗುತ್ತಿಗೆಗೆ ಒಪ್ಪುವ ಮೊದಲು ಇದನ್ನು ಓದಿ.

ಬಳ್ಳಾರಿ ಪೇಟೆಯ ಪಕ್ಕದಲ್ಲೇ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಿವೆ. ಅಲ್ಲಿಯೂ ಗ್ರಾನೈಟ್ ಗುಡ್ಡದ ನೆತ್ತಿಯ ಮೇಲೆ ಹೀಗೆಯೇ ಕರಿಕಲ್ಲಿನ ಡೈಕ್ ಹಾದುಹೋಗಿದೆ. ನವಶಿಲಾಯುಗದವರು ಆ ಕಲ್ಲನ್ನು ಒಡೆದು, ಉಜ್ಜಿ ಕೊಡಲಿ ಮಾಡುತ್ತಿದ್ದರು. ಒಂದೆರಡು ಕೊಡಲಿಗಳ ಮಾತಲ್ಲ ಇದು, ಹಿರೇಗುಡ್ಡದ ಮೇಲೆ ಇದ್ದದ್ದು ಕಾರ್ಖಾನೆ. ಗ್ರಾನೈಟ್ ದಪ್ಪ ಕಾಳಿನ ಕಲ್ಲು, ಉದುರಿಹೋಗುತ್ತದೆ. ಡೊಲೆರೈಟ್ ಸಣ್ಣ ಕಾಳಿನದು, ಗಟ್ಟಿ, ಹರಿತ ನಿಲ್ಲುತ್ತದೆ. ನಾಲ್ಕು ಸಾವಿರ ವರ್ಷಗಳ ಹಿಂದೆ ನಮ್ಮ ಹಿರಿಯರು ಎರಡು ಕಲ್ಲುಗಳ ವ್ಯತ್ಯಾಸವನ್ನು ಕೈಯಲ್ಲಿ ಹಿಡಿದೇ ತಿಳಿದಿದ್ದರು.

ಅದೇ ಕರಿಬಂಡೆಗಳ ಮೇಲೆ ಸಾವಿರಾರು ಕುಟ್ಟುಚಿತ್ರಗಳಿವೆ. ಹೆಚ್ಚಿನವು ಉದ್ದ ಕೊಂಬಿನ, ಹಿಣಿಲಿನ ದನಗಳು. ಕೆಲವು ಬಂಡೆಗಳಲ್ಲಿ ಕಲ್ಲಿನಿಂದ ಬಡಿದು ಬಡಿದು ಆದ ಕುಳಿಗಳಿವೆ. ಅಲ್ಲಿ ಇನ್ನೊಂದು ಕಲ್ಲಿನಿಂದ ತಟ್ಟಿದರೆ ಗಂಟೆಯಂಥ ನಾದ ಹೊರಡುತ್ತದೆ. ನಾನು ಮೊದಲ ಸಲ ಕೇಳಿದಾಗ ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ಆ ಸಂಜೆಯ ನಂತರವೇ ನಾನು ಇತಿಹಾಸ ಓದಲು ಹೊರಟದ್ದು.

ಈ ಜಾಗದ ಮಹತ್ವವನ್ನು ಬರೆದಿಟ್ಟವರಲ್ಲಿ ಮುಖ್ಯರಾದವರು ರಾಬರ್ಟ್ ಬ್ರೂಸ್ ಫೂಟ್. ಅವರು ಪುರಾತತ್ವ ಇಲಾಖೆಯವರಲ್ಲ, 1858ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದವರು. ಕಲ್ಲಿನ ನಕ್ಷೆ ಮಾಡಲು ಊರೂರು ತಿರುಗುತ್ತಿದ್ದಾಗಲೇ 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಶಿಲಾಯುಗದ ಆಯುಧ ಅವರ ಕಣ್ಣಿಗೆ ಬಿತ್ತು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಅವರು ಬರೆದ ದೊಡ್ಡ ವರದಿ 1895ರಲ್ಲಿ ಅಚ್ಚಾಯಿತು. ಧಾರವಾಡದ ಹೆಸರನ್ನು ಶಿಲಾಸಮೂಹಕ್ಕೆ ಇಟ್ಟವರೂ ಅವರೇ. ಅವರ ಹೆಸರಿನ ಸಂಗ್ರಹಾಲಯ ಬಳ್ಳಾರಿಯಲ್ಲಿದೆ, ಬಂದರೆ ನೋಡಿಕೊಂಡು ಹೋಗಿ.

ನಮ್ಮ ಗುಡ್ಡಗಳ ಒಂದು ಭಾಗ ಕಲ್ಲುಗಣಿಗೆ ಹೋಯಿತು. ಚಿತ್ರಗಳಿದ್ದ ಬಂಡೆಗಳೂ ಹೋದವು. ಹೋದದ್ದು ಮತ್ತೆ ಬರುವುದಿಲ್ಲ. ನಿಮ್ಮ ಸಾಲಿನ ಮೇಲೂ ಒಮ್ಮೆ ಬೆಳಗಿನ ಓರೆ ಬಿಸಿಲಿನಲ್ಲಿ ನಡೆದು ನೋಡಿ. ಚಿತ್ರಗಳು ನೆತ್ತಿಯ ಬಿಸಿಲಿನಲ್ಲಿ ಕಾಣುವುದಿಲ್ಲ.

ಶೇಂಗಾಹೊಲ, ಪಾವಗಡ

ಇಷ್ಟೊಂದು ಜನ ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಸುತ್ತಿಗೆಚೀಲ ಸರ್, ನಮ್ಮ ನೆಲ ಬಡಗಣಕ್ಕೆ ಇಳಿಯುತ್ತದೆ. ದೊಡ್ಡಪ್ಪನ ಹೊಲ ಮೇಲ್ಗಡೆ, ನಮ್ಮದು ಕೆಳಗಡೆ. ನೀವು ಹೇಳಿದಂತೆಯೇ ಇದೆ. ಇದನ್ನು ಓದಿದ ಮೇಲೆ ಊಟ ಮಾಡಲು ಮನಸ್ಸಾಗಲಿಲ್ಲ. ನಾಲ್ಕೂ ಕೊಳವೆಬಾವಿಗಳು ಗೋಡೆಯ ಕೆಳಗಡೆಯೇ ಇವೆ.

ಭಾನುವಾರ ಸಾಲನ್ನು ಪೂರ್ತಿ ನಡೆದು ಬರುತ್ತೇನೆ. ಏನೇನು ನೋಡಬೇಕು ಹೇಳಿ.

ಸುತ್ತಿಗೆಚೀಲ, ತುಮಕೂರು

ಬೆಳಿಗ್ಗೆ ಬೇಗ ಹೊರಡಿ. ಕರಿಕಲ್ಲು ಎದ್ದು ಕಾಣುವ ಕಡೆಯಿಂದ ಶುರುಮಾಡಿ. ಅದು ಮಣ್ಣಿನಲ್ಲಿ ಮರೆಯಾದ ಕಡೆ ಗುಂಡಗಿನ ಕಲ್ಲುಗಳನ್ನು ಹುಡುಕಿ. ಡೊಲೆರೈಟ್ ಶಿಥಿಲವಾಗುವಾಗ ಈರುಳ್ಳಿಯಂತೆ ಪದರ ಪದರವಾಗಿ ಕಳಚಿಕೊಳ್ಳುತ್ತದೆ. ಹೊರಗೆ ತುಕ್ಕಿನ ಬಣ್ಣ, ಒಡೆದರೆ ಒಳಗೆ ಕಡುಕಪ್ಪು. ಅದೂ ಇಲ್ಲದಿದ್ದರೆ ಮಣ್ಣನ್ನು ನೋಡಿ. ಗ್ರಾನೈಟಿನ ಮಣ್ಣು ಮರಳುಮರಳಾಗಿ ತಿಳಿಗೆಂಪಾಗಿರುತ್ತದೆ, ಕರಿಕಲ್ಲಿನ ಮಣ್ಣು ಕಡುಬಣ್ಣದ್ದು, ಒದ್ದೆಯಾದರೆ ಕಾಲಿಗೆ ಅಂಟುತ್ತದೆ. ಪ್ರತಿ ನೂರು ಹೆಜ್ಜೆಗೂ ಮೊಬೈಲಿನಲ್ಲಿ ಜಾಗದ ಗುರುತು ಹಾಕಿಕೊಳ್ಳಿ. ಮುಖ್ಯವಾಗಿ, ಹಳ್ಳವನ್ನು ಸಾಲು ಎಲ್ಲಿ ದಾಟುತ್ತದೆ ಎಂದು ನೋಡಿ.

ನನ್ನ ಕೆಲಸದ ಮೊದಲ ವರ್ಷ ಮೇಲಧಿಕಾರಿಯೊಬ್ಬರು ನನ್ನ ನಕ್ಷೆಯನ್ನು ನೋಡಿ, ‘ಬಣ್ಣ ಚೆನ್ನಾಗಿ ತುಂಬಿದ್ದೀಯೆ, ಗೆರೆಗಳನ್ನು ಮಾತ್ರ ನಡೆಯದೆ ಎಳೆದಿದ್ದೀಯೆ’ ಎಂದಿದ್ದರು. ಮತ್ತೆ ಹನ್ನೆರಡು ದಿನ ಅದೇ ಗುಡ್ಡ ಸುತ್ತಿದೆ. ಭೂವೈಜ್ಞಾನಿಕ ನಕ್ಷೆಯಲ್ಲಿ ಬಣ್ಣ ಕಲ್ಲಿನ ಹೆಸರನ್ನಷ್ಟೇ ಹೇಳುತ್ತದೆ. ಒಂದು ಕಲ್ಲು ಮುಗಿದು ಇನ್ನೊಂದು ಶುರುವಾಗುವ ಗೆರೆಯಲ್ಲೇ ನೀರು ನಿಲ್ಲುತ್ತದೆ, ಅದಿರು ಕೂಡುತ್ತದೆ, ಗುಡ್ಡ ಜಾರುತ್ತದೆ. ವರದಿ ಓದುವವರು ಗೆರೆಗಳನ್ನು ಓದಬೇಕು ಎಂದು ನಾನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ.

ನೌಬಾದ್, ಬೀದರ್

ಸುತ್ತಿಗೆಚೀಲ ಸರ್ ಅವರ ಕೊನೆಯ ಮಾತು ಓದಿ ಮೈ ಜುಮ್ಮೆಂದಿತು. ಬೀದರ್ ಎಂಬ ಊರೇ ಅಂಥ ಒಂದು ಗೆರೆಯ ಮೇಲೆ ಬದುಕಿದೆ.

ನಮ್ಮದು ಎತ್ತರದ ಬಯಲು. ಮೇಲೆ ಕೆಂಪು ಜಂಬಿಟ್ಟಿಗೆ, ಕೆಳಗೆ ದಖನ್ನಿನ ಕರಿಯ ಬಸಾಲ್ಟ್. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಬಸಾಲ್ಟೇ ಬಿಸಿಲು ಮಳೆಗೆ ಕೊಳೆತು ಜಂಬಿಟ್ಟಿಗೆಯಾಗಿದೆ. ಜಂಬಿಟ್ಟಿಗೆ ಜೇನುಗೂಡಿನಂತೆ ತೂತುತೂತಾಗಿರುತ್ತದೆ, ಬಿದ್ದ ಮಳೆಯನ್ನೆಲ್ಲ ಹೀರಿಕೊಳ್ಳುತ್ತದೆ. ಕೆಳಗೆ ಜೇಡಿಯ ಪದರ, ಅದರಡಿ ಗಟ್ಟಿ ಬಸಾಲ್ಟ್. ನೀರು ಅಲ್ಲಿ ತಡೆದು ನಿಂತು ಬಯಲಿನ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನಮ್ಮೂರಿನ ಗುರುದ್ವಾರ ನಾನಕ್ ಝೀರಾದಲ್ಲಿ ಭಕ್ತರು ತೀರ್ಥವೆಂದು ಕುಡಿಯುವುದು ಈ ಜಂಬಿಟ್ಟಿಗೆಯಿಂದ ಇಳಿದು ಬರುವ ನೀರು.

ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ಇರಾನಿನ ಕಡೆಯ ಕರೇಜ್ ವಿದ್ಯೆಯೂ ಜೊತೆಗೆ ಬಂತು. ನಾವು ಸುರಂಗ ಬಾವಿ ಎನ್ನುತ್ತೇವೆ. ನೌಬಾದಿನ ಸುರಂಗವನ್ನು ಜಂಬಿಟ್ಟಿಗೆಯೊಳಗೆ ಸಣ್ಣ ಇಳಿಜಾರಿನಲ್ಲಿ ಕೊರೆದಿದ್ದಾರೆ, ಗಾಳಿ ಬೆಳಕಿಗೆ ಮೇಲಿನಿಂದ ಸಾಲಾಗಿ ಬಾವಿಗಳನ್ನು ಇಳಿಸಿದ್ದಾರೆ. ಪಂಪಿಲ್ಲ, ವಿದ್ಯುತ್ತಿಲ್ಲ, ನೀರು ತಾನಾಗಿ ಹರಿದು ಬರುತ್ತದೆ. ಭೂವಿಜ್ಞಾನದ ಯಾವ ವರದಿಯೂ ಇಲ್ಲದ ಕಾಲದಲ್ಲಿ ಎರಡು ಕಲ್ಲುಗಳ ಸಂಧಿಯನ್ನು ಅಷ್ಟು ನಿಖರವಾಗಿ ಹಿಡಿದವರ ಕಣ್ಣಿಗೆ ನಾನು ಕೈಮುಗಿಯುತ್ತೇನೆ. ಬೀದರ್ ಕೋಟೆಯ ಕಂದಕದಲ್ಲಿ ನಿಂತು ನೋಡಿದರೆ ಕಡಿದ ಜಂಬಿಟ್ಟಿಗೆಯ ಗೋಡೆಯೇ ಎದುರಿಗೆ ನಿಲ್ಲುತ್ತದೆ. ನಾನು ಪ್ರತಿ ವರ್ಷ ಎಂಟನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.

ಮರಡಿ, ಚಿತ್ರದುರ್ಗ

ನಮ್ಮ ಮರಡಿಹಳ್ಳಿಯ ದಿಂಬುಕಲ್ಲುಗಳನ್ನೂ ನೆನಪಿಸುತ್ತೇನೆ. ನೀರಿನಡಿಯಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತಾ ದಿಂಬುಗಳನ್ನು ಒಟ್ಟಿದಂತೆ ಹೆಪ್ಪುಗಟ್ಟಿದೆ. 1976ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಾರೆ. ಇಷ್ಟು ಒಣಗಿದ ಚಿತ್ರದುರ್ಗದಲ್ಲಿ ಒಮ್ಮೆ ಕಡಲಿತ್ತು ಎಂದು ನಮ್ಮ ತಾಯಿಗೆ ಹೇಳಿದಾಗ ಅವರು ಬಹಳ ಹೊತ್ತು ಆ ಕಲ್ಲಿನ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದರು.

ದರೆಯಂಚು, ಅಂಕೋಲಾ

ಗೆರೆಯಲ್ಲಿ ಗುಡ್ಡ ಜಾರುತ್ತದೆ ಎಂದಿದ್ದೀರಿ. ನಾನು ಅದರ ಬಗ್ಗೆ ಬರೆಯಬೇಕು.

2024ರ ಜುಲೈ 16ರ ಬೆಳಿಗ್ಗೆ ನಮ್ಮ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಚಹಾದ ಅಂಗಡಿ, ಲಾರಿ, ಅಲ್ಲಿದ್ದ ಜನ ಎಲ್ಲವೂ ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಹೋದವು. ಆಚೆ ದಡದ ಮನೆಗಳಿಗೂ ನೀರು ನುಗ್ಗಿತು. ವಾರಗಟ್ಟಲೆ ಹುಡುಕಿದರು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತನಾಡಲಿಲ್ಲ.

ನಮ್ಮ ಕರಾವಳಿಯಲ್ಲಿ ಮೇಲೆ ಚಿರೆಕಲ್ಲು, ಅಂದರೆ ಬೀದರಿನವರು ಹೇಳಿದ ಜಂಬಿಟ್ಟಿಗೆಯೇ, ಅದರಡಿ ಶೇಡಿಮಣ್ಣು. ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣ್ಣನೆಯ ಮಣ್ಣು ಅದು. ಒಣಗಿದ್ದಾಗ ಗೋಡೆಯಂತೆ ನಿಲ್ಲುತ್ತದೆ, ನೆನೆದರೆ ಬೆಣ್ಣೆಯಂತೆ ಜಾರುತ್ತದೆ. ಬಾವಿ ತೋಡುವವರು ಶೇಡಿ ಬಂದ ಕೂಡಲೇ ಹುಷಾರಾಗುತ್ತಾರೆ. ನನ್ನ ಅಜ್ಜ ಮನೆಯ ಹಿಂದಿನ ದರೆಯನ್ನು, ಅಂದರೆ ಗುಡ್ಡದ ಕಡಿದಾದ ಅಂಚನ್ನು, ಎಂದೂ ನೆಟ್ಟಗೆ ಕಡಿಯಲು ಬಿಡುತ್ತಿರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಮೇಲೆ ಕಾಲುವೆ ತೆಗೆದು ಮಳೆನೀರನ್ನು ಪಕ್ಕಕ್ಕೆ ಬಿಡುತ್ತಿದ್ದರು. ಗುಡ್ಡದ ಕಾಲನ್ನೇ ನೆಟ್ಟಗೆ ಕಡಿದು ರಸ್ತೆ ಅಗಲ ಮಾಡಿದರೆ ಮೇಲಿನ ಭಾರಕ್ಕೆ ಆಧಾರ ಎಲ್ಲಿಂದ ಬರಬೇಕು?

ಬೀದರಿನ ಮೇಷ್ಟ್ರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮಗೆ ಝರಿ ಕೊಟ್ಟ ಸಂಧಿಯೇ ನಮಗೆ ಗುಡ್ಡ ಕೆಡವಿದೆ. ಮೇಲಿನ ತೂತುಕಲ್ಲು ನೀರು ಕುಡಿಯುತ್ತದೆ, ಕೆಳಗಿನ ಜೇಡಿ ತಡೆಯುತ್ತದೆ. ನೀರಿಗೆ ಹೊರಬರಲು ದಾರಿ ಇದ್ದರೆ ಒರತೆ, ಇಲ್ಲದಿದ್ದರೆ ಜಾರುಬಂಡೆ.

ಭೂವೈಜ್ಞಾನಿಕ ಸರ್ವೇಕ್ಷಣೆ 2014ರಿಂದ ದೇಶದಾದ್ಯಂತ ಭೂಕುಸಿತ ಸಾಧ್ಯತೆಯ ನಕ್ಷೆ ಮಾಡುತ್ತಾ ಬಂದಿದೆ. ಹೆಚ್ಚು, ಮಧ್ಯಮ, ಕಡಿಮೆ ಎಂದು ಮೂರು ಬಣ್ಣ. 2018ರಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗಲೂ ಅದರ ತಜ್ಞರು ಬಂದು ನೋಡಿದರು, ನಮ್ಮಲ್ಲಿಗೂ ಬಂದರು. ವರದಿ ಇಂಗ್ಲಿಷಿನಲ್ಲಿ ಬರುತ್ತದೆ, ಕಚೇರಿಯಿಂದ ಕಚೇರಿಗೆ ಹೋಗುತ್ತದೆ. ದರೆಯ ಕೆಳಗೆ ಮನೆ ಕಟ್ಟಿಕೊಂಡವರ ಕೈಗೆ ಎರಡು ಪುಟದ ಕನ್ನಡ ಪ್ರತಿ ಬಂದದ್ದನ್ನು ನಾನು ಕಂಡಿಲ್ಲ. ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಬೇಕು, ಗೋಡೆಗೆ ಅಂಟಿಸಬೇಕು. ನಾನು ಕೇಳುವುದು ಇಷ್ಟೇ.

ಜಲರೇಖೆ, ಧಾರವಾಡ

ಅಕ್ಕ, ನಿಮ್ಮ ಬರಹ ಓದಿ ಕಣ್ಣು ತುಂಬಿತು. ಕನ್ನಡ ಪ್ರತಿಯ ಕೆಲಸಕ್ಕೆ ನಾನು ಸಿದ್ಧಳಿದ್ದೇನೆ. ನಿಮ್ಮ ತಾಲ್ಲೂಕಿನ ನಕ್ಷೆಯನ್ನು ಭೂಕೋಶ್‌ನಿಂದ ಇಳಿಸಿಕೊಂಡು, ಅದರ ಸೂಚಿಯನ್ನೂ ವಿವರಣೆಯನ್ನೂ ಕನ್ನಡಕ್ಕೆ ತರುತ್ತೇನೆ. ಶೇಡಿಮಣ್ಣಿಗೆ ಪಠ್ಯಪುಸ್ತಕದ ಪದ ಹುಡುಕುವುದಿಲ್ಲ, ಶೇಡಿಮಣ್ಣು ಎಂದೇ ಬರೆಯುತ್ತೇನೆ. ಸುತ್ತಿಗೆಚೀಲ ಸರ್ ತಿದ್ದಿಕೊಡಬೇಕು. ಆ ನಕ್ಷೆಯೂ 1:50,000 ಅಳತೆಯದೇ. ಯಾವ ಮನೆ ಬೀಳುತ್ತದೆ ಎಂದು ಅದು ಹೇಳುವುದಿಲ್ಲ, ಯಾವ ಗುಡ್ಡವನ್ನು ಕಡಿಯುವ ಮೊದಲು ಹತ್ತು ಸಲ ಯೋಚಿಸಬೇಕು ಎಂದು ಹೇಳುತ್ತದೆ. ಇದನ್ನು ಮೊದಲ ಸಾಲಿನಲ್ಲೇ ಹಾಕೋಣ.

ಸುತ್ತಿಗೆಚೀಲ, ತುಮಕೂರು

ಖಂಡಿತ ತಿದ್ದಿಕೊಡುತ್ತೇನೆ. ಇದು ಯಾವಾಗಲೋ ಆಗಬೇಕಿದ್ದ ಕೆಲಸ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾದದ್ದು 1894ರಲ್ಲಿ. ನೂರಮೂವತ್ತು ವರ್ಷಗಳ ವರದಿಗಳಲ್ಲಿ ನಮ್ಮ ಊರುಗಳೇ ತುಂಬಿವೆ, ನಮ್ಮ ಮಾತು ಮಾತ್ರ ಇಲ್ಲ.

ಶೇಂಗಾಹೊಲ, ಪಾವಗಡ

ಭಾನುವಾರ ನಡೆದು ಬಂದೆ. ಜೊತೆಗೆ ದೊಡ್ಡಪ್ಪನೂ ಬಂದಿದ್ದರು, ಎಪ್ಪತ್ತು ದಾಟಿದ್ದರೂ ನನಗಿಂತ ಮುಂದೆ ನಡೆದರು.

ಸಾಲು ನಾನು ಅಂದುಕೊಂಡದ್ದಕ್ಕಿಂತ ಉದ್ದವಿದೆ. ನಮ್ಮ ಬದುವಿನಿಂದ ಪಡುವಣಕ್ಕೆ ಎರಡು ಕಿಲೋಮೀಟರ್ ಸಿಕ್ಕಿತು. ನಡುವೆ ಮೂರು ಕಡೆ ಮಣ್ಣಿನಲ್ಲಿ ಮುಳುಗಿತ್ತು. ಈರುಳ್ಳಿ ಸಿಪ್ಪೆಯ ಗುಂಡುಕಲ್ಲು ಹಿಡಿದು ಹೋದಾಗ ಮತ್ತೆ ಕಂಡಿತು. ನಕ್ಷೆಯ ಗೆರೆಗೂ ನಾನು ಗುರುತು ಹಾಕಿದ್ದಕ್ಕೂ ಒಂದು ಕಡೆ ಅರವತ್ತು ಮೀಟರಿನಷ್ಟು ವ್ಯತ್ಯಾಸ ಬಂದಿದೆ. ಜಲರೇಖೆಯವರು ಹೇಳಿದಂತೆ ಐದು ಬಾವಿಗಳಿಗೆ ಹಗ್ಗ ಇಳಿಬಿಟ್ಟೆವು. ಮೇಲ್ಗಡೆಯ ಮೂರರಲ್ಲಿ 38, 41, 35 ಅಡಿಗೆ ನೀರು. ಕೆಳಗಡೆಯ ಎರಡೂ ಬತ್ತಿವೆ, ಒಂದು 72 ಅಡಿ, ಇನ್ನೊಂದು 80. ಕುಟ್ಟುಚಿತ್ರ ಯಾವುದೂ ಕಾಣಲಿಲ್ಲ. ಒಂದು ಬಂಡೆಯನ್ನು ತಟ್ಟಿದಾಗ ಮಾತ್ರ ಕಬ್ಬಿಣದಂತೆ ಸದ್ದು ಬಂತು, ದೊಡ್ಡಪ್ಪ ಇನ್ನೊಮ್ಮೆ ತಟ್ಟು ಎಂದರು.

ಹಳ್ಳವನ್ನು ಸಾಲು ದಾಟುವ ಜಾಗಕ್ಕೆ ಹೋದಾಗ ದೊಡ್ಡಪ್ಪ ನಿಂತುಬಿಟ್ಟರು. ‘ಇದು ತಲಪರಿಗೆಯಲ್ಲವೇ’ ಎಂದರು. ಅವರು ಹುಡುಗರಾಗಿದ್ದಾಗ ಅಲ್ಲಿ ಮರಳು ಬಗೆದರೆ ಮೊಣಕೈ ಆಳಕ್ಕೆ ನೀರು ಬರುತ್ತಿತ್ತಂತೆ, ಯುಗಾದಿಯ ಹೊತ್ತಿಗೂ ದನಗಳಿಗೆ ಅದೇ ನೀರು. ಈಗ ಹೂಳು ಮತ್ತು ಸೀಮೆಜಾಲಿ ತುಂಬಿದೆ. ಅವರು ಅಲ್ಲೇ ಕುಳಿತು ಒಂದು ಕೋಲಿನಿಂದ ಬಗೆದರು. ಎರಡು ಅಡಿ ಕೆಳಗೆ ಮಣ್ಣು ತೇವವಾಗಿತ್ತು.

ಗುತ್ತಿಗೆಯ ವಿಷಯ ಕೇಳಿದೆ. ಕಲ್ಲು ಕಡಿದರೆ ತಡೆದು ನಿಂತಿರುವ ನೀರು ಏನಾಗುತ್ತದೆ, ಅದನ್ನು ನಿನ್ನ ಸರ್ ಅವರನ್ನೇ ಕೇಳು ಎಂದರು. ಸುತ್ತಿಗೆಚೀಲ ಸರ್, ಏನು ಹೇಳಲಿ?

ಸುತ್ತಿಗೆಚೀಲ, ತುಮಕೂರು

ನೀವು ಅಳೆದ ಅಂಕಿಗಳೇ ಉತ್ತರ ಹೇಳುತ್ತಿವೆ. ಗೋಡೆ ಬಿಗಿಯಾಗಿದೆ. ಗಣಿ ನೀರಿನ ಮಟ್ಟಕ್ಕಿಂತ ಕೆಳಗೆ ಇಳಿದರೆ, ಅಥವಾ ಸಿಡಿತದಿಂದ ಬಿರುಕು ಬಿದ್ದರೆ, ಮೇಲ್ಗಡೆಯ ನೀರು ಸೋರಿಹೋಗುವ ಸಾಧ್ಯತೆ ಹೆಚ್ಚು. ದೊಡ್ಡಪ್ಪನವರ ಬಾವಿ ಮೊದಲು ಬತ್ತುತ್ತದೆ, ಆಮೇಲೆ ಇನ್ನೆರಡು. ಸೋರಿದ ನೀರು ನಿಮ್ಮ ಹೊಲದಲ್ಲಿ ನಿಲ್ಲುತ್ತದೆ ಎಂಬ ಖಾತರಿಯೂ ಇಲ್ಲ. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಐದನೆಯ ಕೊಳವೆಬಾವಿಯ ಮಾತನ್ನೂ ಬಿಡಿ. ತಲಪರಿಗೆಯ ಹೂಳು ತೆಗೆಯಿರಿ, ಮೇಲ್ಗಡೆ ಹಳ್ಳಕ್ಕೆ ಎರಡು ಮೂರು ಕಡೆ ಕಲ್ಲಿನ ಸಣ್ಣ ತಡೆ ಹಾಕಿ. ದೊಡ್ಡಪ್ಪನವರು ಒಪ್ಪಿದರೆ ಅವರ ಬಾವಿಯಿಂದಲೇ ನಿಮ್ಮ ಹೊಲಕ್ಕೆ ಪೈಪು ತಂದುಕೊಳ್ಳಬಹುದು, ನಿಮ್ಮದು ಇಳಿಜಾರಿನ ಕಡೆಗೇ ಇದೆ.

ಕವಲುಕಡ್ಡಿ, ಶಿರಾ

ತಲಪರಿಗೆ ಬಗೆಯುವ ಕೆಲಸ ನಮ್ಮ ಮನೆಯವರಿಗೆ ಗೊತ್ತು. ಬಾಯಿಗೆ ಕಲ್ಲು ಕಟ್ಟುವ ಕ್ರಮ ಇದೆ, ತಪ್ಪಿದರೆ ಮತ್ತೆ ಮರಳು ತುಂಬುತ್ತದೆ. ಅಪ್ಪನನ್ನು ಕರೆದುಕೊಂಡು ಬರುತ್ತೇನೆ. ಶಿರಾದಿಂದ ಪಾವಗಡಕ್ಕೆ ಬೆಳಗಿನ ಬಸ್ಸಿಗೆ ಹೊರಟರೆ ಬಿಸಿಲೇರುವ ಮೊದಲು ತಲುಪುತ್ತೇವೆ. ಹಾರೆ, ಗುದ್ದಲಿ, ಮಕ್ಕರಿ ಅಲ್ಲಿ ಸಿಗುತ್ತವೆ ತಾನೇ?

ಶೇಂಗಾಹೊಲ, ಪಾವಗಡ

ಎಲ್ಲವೂ ಇವೆ ಅಣ್ಣ. ಮುಂದಿನ ಭಾನುವಾರ ಇಟ್ಟುಕೊಳ್ಳೋಣ. ಮನೆಯಲ್ಲಿ ರಾಗಿಮುದ್ದೆ, ಹುರುಳಿಸಾರು ಮಾಡಿಸುತ್ತೇನೆ. ದೊಡ್ಡಪ್ಪ ನಿನ್ನೆ ಸಂಜೆ ಗುತ್ತಿಗೆಯವರಿಗೆ ಫೋನ್ ಮಾಡಿ ಆಗುವುದಿಲ್ಲ ಎಂದರು. ಬಾವಿ ಅಳೆದ ಹಗ್ಗವನ್ನು ತೊಲೆಗೆ ನೇತುಹಾಕಿದ್ದೇನೆ, ಪ್ರತಿ ಅಮಾವಾಸ್ಯೆಗೂ ಅಳೆದು ಇಲ್ಲಿ ಬರೆಯುತ್ತೇನೆ.